ಬಾಲ್ದಿ ಏನನ್ನುತ್ತದೆ?

ನಮ್ಮ ಬಾಲ್ಕನಿಯ ಮೂಲೆಯಲ್ಲಿ, ಏಸಿಯ ನೀರು ತೊಟ್ಟಿಕ್ಕುವ ಸಣ್ಣ ಕೊಳವೆಯ ಬಾಯಿಗೆ ಸರಿಯಾಗಿ, ಒಂದು ಹಸಿರು ಪ್ಲಾಸ್ಟಿಕ್ ಬಾಲ್ದಿ ಕೂತಿದೆ. ಅಂಚು ಒಂದು ಕಡೆ ಸೀಳಿದೆ. ಹಿಡಿಕೆ ಕಿತ್ತುಹೋದ ಮೇಲೆ ನೈಲಾನ್ ಹಗ್ಗ ಕಟ್ಟಿಸಿಕೊಂಡು ಎರಡನೆಯ ಜನ್ಮ ಪಡೆದಿದೆ. ನೋಯ್ಡಾದ ಈ ಹದಿಮೂರನೆಯ ಮಹಡಿಯಲ್ಲಿ ಅದನ್ನು ನಾನು ಪ್ರತಿಷ್ಠಾಪಿಸಿದ್ದು ಲೋಕೋಪಕಾರಕ್ಕಲ್ಲ, ಕೆಳಮನೆಯವರ ಜಗಳಕ್ಕೆ ಹೆದರಿ. ನಮ್ಮ ಏಸಿಯ ಹನಿಗಳು ತಾವು ಒಣಹಾಕಿದ ಮೆಣಸಿನಕಾಯಿಯ ಮೇಲೆ ಬೀಳುತ್ತವೆಂದು ಅವರು ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೊ ಸಮೇತ ದೂರಿದ್ದರು. ಇಂಥ ಹೀನ ಕುಲದಲ್ಲಿ ಹುಟ್ಟಿದ ಬಾಲ್ದಿ ಒಂದು ಬೇಸಿಗೆಯಲ್ಲಿ ಜ್ಯೋತಿಷಿಯಾಗಿ ಹೆಸರು ಮಾಡಿತೆಂದರೆ ನೀವು ನಗುತ್ತೀರಿ. ನಗಿ, ಸಂಕೋಚವಿಲ್ಲ, ನನ್ನ ಹೆಂಡತಿ ಶಾರದೆ ಈಗಲೂ ನಗುತ್ತಾಳೆ.

ನಾನು ದಿಲ್ಲಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಹುಟ್ಟಿದ್ದು ಕರಾವಳಿಯಲ್ಲಾದ್ದರಿಂದ ಮಳೆ ಯಾವಾಗ ನಿಂತೀತು ಎಂದು ಕಾಯುವುದಷ್ಟೇ ಗೊತ್ತಿತ್ತು. ಯಾವಾಗ ಬಂದೀತು ಎಂದು ಕಾಯುವ ವಿದ್ಯೆಯನ್ನು ಈ ಇಳಿವಯಸ್ಸಿನಲ್ಲಿ ನನಗೆ ಕಲಿಸಿದವರು ತಾವೂಜಿ ಮತ್ತು ಅವರ ಎಮ್ಮೆ ಭೂರಿ. ತಾವೂಜಿ ಎಂದರೆ ದೊಡ್ಡಪ್ಪ. ನಮ್ಮ ಸೊಸೈಟಿಯ ಹಿಂಗೋಡೆಯಾಚೆ, ಸೆಕ್ಟರುಗಳೆಲ್ಲ ಬೆಳೆದು ಸುತ್ತುವರಿದ ಮೇಲೂ ಹಟ ಹಿಡಿದು ಹಳ್ಳಿಯಾಗಿಯೇ ಉಳಿದ ನಾಲ್ಕು ಗಲ್ಲಿಗಳಿವೆ. ಅಲ್ಲಿನವರಿಗೆಲ್ಲ ಅವರು ತಾವೂಜಿ, ಆದ್ದರಿಂದ ನನಗೂ. ಹೊಲವೆಲ್ಲ ಕಟ್ಟಡಗಳ ಕೆಳಗೆ ಹೋಗಿದೆ, ಮಕ್ಕಳು ಮೂರಂತಸ್ತಿನ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ತಾವೂಜಿ ಮಾತ್ರ ನೆಲಮಹಡಿಯ ಅಂಗಳದಲ್ಲಿ ಮೂರು ಎಮ್ಮೆಗಳೊಂದಿಗೆ ಒಕ್ಕಲಿದ್ದಾರೆ. ಬೆಳಿಗ್ಗೆ ಆರಕ್ಕೆ ನಾನು ಸ್ಟೀಲ್ ಕ್ಯಾನು ಹಿಡಿದು ಹೋಗಿ, ಭೂರಿಯ ಹಾಲನ್ನು ಕಣ್ಣೆದುರೇ ಕರೆಸಿಕೊಂಡು ಬರುತ್ತೇನೆ. ಆ ಹಾಲಿಲ್ಲದೆ ಶಾರದೆ ಕಾಫಿ ಮಾಡುವುದಿಲ್ಲ, ಆ ಕಾಫಿಯಿಲ್ಲದೆ ನನ್ನ ಭೌತಶಾಸ್ತ್ರ ಚಲಿಸುವುದಿಲ್ಲ.

ಆ ವರ್ಷ ಜೂನ್ ಮುಗಿಯುತ್ತ ಬಂದರೂ ಮಳೆಯ ಸುಳಿವಿರಲಿಲ್ಲ. ಹಳ್ಳಿಯ ಕೊಳದಲ್ಲಿ ನೀರು ಹೋಗಿ ಕೆಸರಾಗಿ, ಕೆಸರು ಹೋಗಿ ಬಿರುಕಾಗಿ, ಕೊನೆಗೆ ಮಕ್ಕಳು ಅಲ್ಲಿ ಕ್ರಿಕೆಟ್ ಆಡತೊಡಗಿದರು. ಎಮ್ಮೆಗೆ ನಮ್ಮ ಹಾಗೆ ಬೆವರುವ ಸೌಭಾಗ್ಯವಿಲ್ಲ. ಮೈಯ ಕಾವು ಇಳಿಯಬೇಕಾದರೆ ನೀರಲ್ಲಿ ಬಿದ್ದುಕೊಳ್ಳಬೇಕು. ಬೋರಿನ ನೀರು ಕುಡಿಯಲಷ್ಟೇ ಸಾಲುತ್ತಿತ್ತು. ಎಳೆಯ ಎರಡು ಎಮ್ಮೆಗಳು ಹೇಗೋ ತಡೆದುಕೊಂಡವು. ವಯಸ್ಸಾದ ಭೂರಿ ಬಾಯಿ ತೆರೆದು ಏದುಸಿರು ಬಿಡುತ್ತ, ಹುಲ್ಲು ಮೂಸಿ ಬಿಟ್ಟು, ದಿನಕ್ಕಿಷ್ಟು ಹಾಲು ಕಡಿಮೆ ಮಾಡುತ್ತ ನಿಂತಿರುತ್ತಿತ್ತು. ಮೊದಲ ಸಲ ಏಸಿಯ ನೀರನ್ನು ಲಿಫ್ಟಿನಲ್ಲಿ ಇಳಿಸಿ ಅದರ ಬೆನ್ನ ಮೇಲೆ ಸುರಿದಾಗ ನನ್ನ ಮನಸ್ಸಿನಲ್ಲಿದ್ದದ್ದು ಕರುಣೆಯೋ ಕಾಫಿಯೋ ಎಂದು ದಯವಿಟ್ಟು ಕೇಳಬೇಡಿ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರಲ್ಲ, ಅಂಥ ಸೇವೆ ಅದು. ಆದರೂ ಭೂರಿ ಒಂದು ಕಿವಿ ಅಲ್ಲಾಡಿಸಿತು.

ಬಾಲ್ದಿ ಒಂದು ದಿನ ಅರ್ಧ, ಒಂದು ದಿನ ಕಾಲು, ಹೀಗೇಕೆ ಎಂದು ತಾವೂಜಿ ಕೇಳಿದರು. ಪಾಠ ಹೇಳಲು ಇಷ್ಟು ನೆಪ ಸಿಕ್ಕರೆ ಮೇಷ್ಟರು ಬಿಟ್ಟಾರೆಯೇ? ಏಸಿಯ ನೀರು ಏಸಿಯದಲ್ಲ, ಗಾಳಿಯದು. ಒಣ ಗಾಳಿ ಬೀಸಿದರೆ ಬಾಲ್ದಿಯ ತಳ ಮಾತ್ರ ಒದ್ದೆಯಾಗುತ್ತದೆ, ಪೂರ್ವದ ಗಾಳಿ ತೇವ ಹೊತ್ತು ತಂದರೆ ತುಂಬುತ್ತದೆ, ಎಂದು ಹುಲ್ಲಿನ ಕಂತೆಯ ಮೇಲೆ ಕೂತು ಅರ್ಧ ಗಂಟೆ ವಿವರಿಸಿದೆ. ತಾವೂಜಿ ಬೀಡಿ ಆರಿಸಿ, ಅಂದರೆ ಬಾಲ್ಟಿ ತುಂಬಿದರೆ ಮಳೆ ಬಂತು ಅಂತ ತಾನೇ, ಎಂದು ನನ್ನ ಇಡೀ ಉಪನ್ಯಾಸವನ್ನು ಒಂದು ವಾಕ್ಯಕ್ಕೆ ಇಳಿಸಿದರು. ನನಗೂ ಅದು ಸರಿಯೆನ್ನಿಸಿತು. ಮಗಳ ಉಗುರಿನ ಬಣ್ಣ ಕದ್ದು ಬಾಲ್ದಿಯ ಒಳಮೈಗೆ ಗೆರೆಗಳನ್ನು ಎಳೆದೆ. ಅಂದಿನಿಂದ ಗಲ್ಲಿ ತಿರುಗುವಷ್ಟರಲ್ಲೇ ಪ್ರಶ್ನೆ ಬರುತ್ತಿತ್ತು: “ಮಾಸ್ಟರ್‌ಜಿ, ಬಾಲ್ಟಿ ಏನನ್ನುತ್ತದೆ?”

ಪ್ರಶ್ನೆ ತಮಾಷೆಯದಾಗಿ ಉಳಿಯಲಿಲ್ಲ. ಈ ಸೆಖೆಯಲ್ಲಿ ಮುದಿ ಎಮ್ಮೆ ನರಳುವುದನ್ನು ನೋಡುವ ಬದಲು ಮಾರಿಬಿಡಿ ಎಂದು ತಾವೂಜಿಯ ಮಕ್ಕಳು, ಸೊಸೆಯರು ಒಂದೇ ಕೊರಳಾಗಿದ್ದರು. ಎಮ್ಮೆ ವ್ಯಾಪಾರಿಯೊಬ್ಬ ಗುರುವಾರ ಗಾಡಿ ತರುತ್ತೇನೆಂದು ಹೇಳಿಹೋಗಿದ್ದ. ಮುದಿ ಎಮ್ಮೆಯನ್ನು ಅವನು ಎಲ್ಲಿಗೆ ಒಯ್ಯುತ್ತಾನೆಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟರೊಳಗೆ ಮಳೆಯ ಸೂಚನೆ ಕಂಡರೆ ಇಟ್ಟುಕೊಳ್ಳುತ್ತೇನೆ, ಇಲ್ಲವಾದರೆ ಕೊಡುತ್ತೇನೆ ಎಂದರು ತಾವೂಜಿ. ಬುಧವಾರದವರೆಗೂ ಬಾಲ್ದಿ ಕೆಳಗಿನ ಗೆರೆ ದಾಟಲಿಲ್ಲ. ಗುರುವಾರ ಬೆಳಿಗ್ಗೆ ನೋಡುತ್ತೇನೆ, ಮೇಲಿನ ಗೆರೆಯೂ ಮುಳುಗಿತ್ತು! ನಾನು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿದೆ. ಮೂರು ದಿನದಲ್ಲಿ ಮಳೆ, ಬರೆದಿಟ್ಟುಕೊಳ್ಳಿ ಎಂದೆ. ತಾವೂಜಿ ಬಾಲ್ದಿಯೊಳಗೆ ಇಣುಕಿ, ವ್ಯಾಪಾರಿಯನ್ನು ಬರಿಗೈಯಲ್ಲಿ ಕಳಿಸಿಬಿಟ್ಟರು. ಅವನು ಮುಂದಿನ ಗುರುವಾರ ಮತ್ತೆ ಬರುತ್ತೇನೆಂದು ಗಾಡಿ ಹತ್ತಿದ.

ವಿಜಯಶಾಲಿಯಾಗಿ ಮನೆಗೆ ಬಂದು ವರದಿ ಒಪ್ಪಿಸಿದೆ. ಶಾರದೆ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

“ನಿನ್ನೆ ಸಂಜೆ ಧೂಳಿನ ಆಂಧಿ ಬಂತಲ್ಲ, ಒಗೆದ ಬಟ್ಟೆಯೆಲ್ಲ ಏಸಿ ರೂಮಿನಲ್ಲೇ ಹರವಿದ್ದೆ. ನಾಲ್ಕು ಬೆಡ್‌ಶೀಟು, ನಿಮ್ಮ ಆ ಕಂಬಳಿಯಂಥ ಟವೆಲ್ಲು. ಆ ನೀರು ಮತ್ತೆಲ್ಲಿಗೆ ಹೋಗ್ಬೇಕಿತ್ತು?”

ಮಗಳು, “ಪಪ್ಪಾ, ಯುವರ್ ಮಾನ್‌ಸೂನ್ ಈಸ್ ಅಮ್ಮನ ಬೆಡ್‌ಶೀಟ್,” ಎಂದು ಬಿದ್ದು ಬಿದ್ದು ನಕ್ಕಳು. ಮೂವತ್ತು ವರ್ಷ ಆರ್ದ್ರತೆಯ ಪಾಠ ಮಾಡಿದವನು ನಾನು. ಹಗ್ಗದ ಮೇಲೆ ಕಣ್ಣೆದುರೇ ನೇತಾಡುತ್ತಿದ್ದ ಆರ್ದ್ರತೆ ಕಾಣಲಿಲ್ಲ, ಏಕೆಂದರೆ ಮಳೆ ಬರಲೇಬೇಕೆಂದು ನಾನಾಗಲೇ ತೀರ್ಮಾನಿಸಿಬಿಟ್ಟಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ನನ್ನ ಮಾತು ನಂಬಿ ಒಬ್ಬ ಮುದುಕ ಮನೆಮಂದಿಯನ್ನೆಲ್ಲ ಎದುರು ಹಾಕಿಕೊಂಡಿದ್ದ, ಒಂದು ಮೂಕಪ್ರಾಣಿ ಇನ್ನೂ ಬಿಸಿಲಲ್ಲಿ ನರಳಬೇಕಾಗಿತ್ತು. ಮರುದಿನ ಹಾಲಿಗೆ ಹೋಗಲು ಮುಖವಿಲ್ಲದೆ ಪ್ಯಾಕೆಟ್ ಹಾಲು ತಂದೆ. ಆ ಕಾಫಿಯನ್ನು ಶಾರದೆ ಒಂದು ಗುಟುಕು ಕುಡಿದು ತುಳಸಿಗೆ ಹಾಕಲು ಹೊರಟವಳು, ತುಳಸಿಯ ಮೇಲಿನ ಗೌರವದಿಂದ ಸಿಂಕಿಗೆ ಸುರಿದಳು.

ಶನಿವಾರ ಹೋಗಿ ಬೆಡ್‌ಶೀಟಿನ ಸಂಖ್ಯೆ ಸಮೇತ ಎಲ್ಲವನ್ನೂ ಒಪ್ಪಿಕೊಂಡೆ. ತಾವೂಜಿ ಭೂರಿಯ ಕೊರಳು ಕೆರೆಯುತ್ತಲೇ ಕೇಳಿಸಿಕೊಂಡರು.

“ಐವತ್ತು ವರ್ಷದಿಂದ ಎಮ್ಮೆ ಸಾಕಿದವನಿಗೆ ಗಾಳಿ ಯಾವುದು ಅಂತ ತಿಳಿಯೋದಿಲ್ವೇ ಮಾಸ್ಟರ್‌ಜಿ? ಅವತ್ತು ಪಡುವಣ ಗಾಳಿ, ಬರೀ ಧೂಳು. ಆದರೆ ಮನೆಯವರೆಲ್ಲ ಮಾರು ಅಂದರು. ಬೇಡ ಅಂದದ್ದು ನಿಮ್ಮ ಬಾಲ್ಟಿ ಒಂದೇ.”

ನಾನು ತಂದಿದ್ದ ನೀರನ್ನು ಭೂರಿಯ ಮೇಲೆ ಸುರಿದೆ. ಅವತ್ತಿನಿಂದ ಒಂದರ ಬದಲು ನಾಲ್ಕು ಬಾಲ್ದಿ ಇಳಿಸತೊಡಗಿದೆ. ಏಸಿ ಕೊಡದಿದ್ದರೆ ನಮ್ಮ ನೀರಿನ ಫಿಲ್ಟರು ಹೊರಚೆಲ್ಲುವ ನೀರು, ಅದೂ ಸಾಲದಿದ್ದರೆ ತರಕಾರಿ ತೊಳೆದ ನೀರು. ಮೆಣಸಿನಕಾಯಿಯ ಕೆಳಮನೆಯವರು ಲಿಫ್ಟಿನಲ್ಲಿ ವಿಷಯ ತಿಳಿದು ತಮ್ಮದೂ ಒಂದು ಬಾಲ್ದಿ ಕೊಟ್ಟರು. ನಮ್ಮ ಜಗಳ ಎಮ್ಮೆಯ ಬೆನ್ನ ಮೇಲೆ ಹೀಗೆ ತೊಳೆದುಹೋಯಿತು.

ಆದರೆ ಗುರುವಾರ ಯಾರಿಗೂ ಕಾಯುವುದಿಲ್ಲ. ಬುಧವಾರವಿಡೀ ಕರೆಂಟಿರಲಿಲ್ಲ, ಏಸಿ ಮೌನ, ಬಾಲ್ದಿ ಬೋರಲು. ಗುರುವಾರ ಬೆಳಿಗ್ಗೆ ಭವಿಷ್ಯವೇ ಇಲ್ಲದ ಖಾಲಿ ಬಾಲ್ದಿ ಹಿಡಿದು, ಕನಿಷ್ಠ ಭೂರಿಯನ್ನು ಬೀಳ್ಕೊಡಲೆಂದು ಹೊರಟೆ. ಗೇಟು ದಾಟುವಾಗ ಬೆಳಕು ಒಮ್ಮೆಲೇ ಮಂದವಾಯಿತು. ಗಲ್ಲಿಯ ಅರ್ಧದಲ್ಲಿ ಮೊದಲ ಹನಿ ಬಿತ್ತು, ಮುಂದಿನದನ್ನು ಲೆಕ್ಕ ಹಾಕಲಾಗಲಿಲ್ಲ. ಬಾಲ್ದಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಅಂಗಳಕ್ಕೆ ಓಡಿದೆ. ವ್ಯಾಪಾರಿ ಜಗಲಿಯಲ್ಲಿ ಕೂತು ಭೂರಿಯ ಹಾಲಿನ ಚಹಾ ಕುಡಿಯುತ್ತಿದ್ದ. ಇವತ್ತು ತನಗೆ ಸಿಗುವುದು ಅದಷ್ಟೇ ಎಂದು ಅವನಿಗೆ ಗೊತ್ತಾಗಿತ್ತು.

ತಾವೂಜಿ ಭೂರಿಯ ಹಗ್ಗ ಬಿಚ್ಚಿ ಅಂಗಳದ ನಡುವೆ ನಿಂತಿದ್ದರು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಎನ್ನುತ್ತೇವಲ್ಲ ನಾವು, ಎಷ್ಟು ಹೇಳಿದರೂ ನಾಟದವರನ್ನು ಕುರಿತು? ನಾನೇ ಎಷ್ಟು ವಿದ್ಯಾರ್ಥಿಗಳಿಗೆ ಹಾಗಂದಿದ್ದೇನೋ. ಆ ಗಾದೆ ಕಟ್ಟಿದವನು ಎಮ್ಮೆಯ ಬೆನ್ನನ್ನಷ್ಟೇ ನೋಡಿರಬೇಕು, ಮುಖವನ್ನು ನೋಡಿರಲಾರ. ಭೂರಿ ಕಣ್ಣು ಮುಚ್ಚಿ, ಮೂತಿ ಮೇಲೆತ್ತಿ, ನಾಲಗೆ ಚಾಚಿ ಒಂದೊಂದೇ ಹನಿಯನ್ನು ತೆಗೆದುಕೊಳ್ಳುತ್ತಿತ್ತು; ಅದರ ಚರ್ಮ ಕಿವಿಯಿಂದ ಬಾಲದವರೆಗೆ ಅಲೆ ಅಲೆಯಾಗಿ ನಡುಗುತ್ತಿತ್ತು.

ಬಾಲ್ದಿಯನ್ನು ತಲೆಯಿಂದ ತೆಗೆದು ನೆಲಕ್ಕಿಟ್ಟೆ. ನೋಡನೋಡುತ್ತಿದ್ದಂತೆ ಅದು ಮಗಳ ಉಗುರುಬಣ್ಣದ ಗೆರೆಗಳನ್ನು ಒಂದೊಂದಾಗಿ ಮುಳುಗಿಸಿಕೊಂಡು, ಸೀಳಿದ ಅಂಚಿನವರೆಗೆ ತುಂಬಿ ಹರಿಯತೊಡಗಿತು. ತಾವೂಜಿ ಗಡ್ಡದಿಂದ ನೀರಿಳಿಸುತ್ತ ನನ್ನತ್ತ ತಿರುಗಿದರು.

“ಮಾಸ್ಟರ್‌ಜಿ, ಬಾಲ್ಟಿ ಏನನ್ನುತ್ತದೆ?”

ನಾನು ಬಗ್ಗಿ, ಕನ್ನಡಕ ಒರೆಸಿಕೊಂಡು, ಚೆನ್ನಾಗಿ ಪರಿಶೀಲಿಸಿದೆ. ಮಳೆ ಬರುವ ಲಕ್ಷಣವಿದೆ ಎಂದೆ.

“ಅಚ್ಛಾ?” ಎಂದರು ತಾವೂಜಿ ಗಂಭೀರವಾಗಿ. “ಹಾಗಾದರೆ ಕಾದು ನೋಡೋಣ.”