ಏಣಿ ಹೂವು, ಕುರ್ಚಿ ಹೂವು

ಹಪ್ಪಳದ ಡಬ್ಬಿಯ ತಳಕ್ಕೆ ಹಾಸಿದ್ದ ಕಾಗದ ಇವತ್ತು ಕೈಗೆ ಬಂತು. ಎರಡೂ ಅಂಚಿನಲ್ಲಿ ಸಾಲು ತೂತು, ನಡುವೆ ಇಂಗ್ಲಿಷ್ ಅಕ್ಷರ. ನಾನು ಓದಿದ್ದು ಕನ್ನಡದ ಎರಡನೇ ಕ್ಲಾಸು. ಆದರೂ ಈ ಕಾಗದದಲ್ಲಿ ತಪ್ಪು ಹಿಡಿದವಳು ನಾನೇ. ನಗಬೇಡಿ, ಹೇಳುತ್ತೇನೆ.

ಆಗ ನನ್ನ ಮೊಮ್ಮಗಳು ಕೆಲಮಂಗಲದಿಂದ ಹೊಸೂರಿಗೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ‘ಸಿ’ ಅಂತ ಒಂದು ಭಾಷೆ. ಕನ್ನಡ, ತಮಿಳು, ತೆಲುಗು ಮೂರೂ ಸಾಲದೆ ಇದೊಂದು ಬೇರೆ! ಅದರಲ್ಲಿ ಲೆಕ್ಕಕ್ಕೆ ಬರುವ ಒಂದೊಂದಕ್ಕೂ ಹೆಸರಿಡಬೇಕಂತೆ. ಹೆಸರು ಅಂಕಿಯಿಂದ ಶುರುವಾಗಬಾರದು, ನಡುವೆ ಜಾಗ ಬಿಡಬಾರದು. ಕೆಲವು ಹೆಸರನ್ನಂತೂ ಇಡಲೇಬಾರದು. ಅವನ್ನು ಆ ಭಾಷೆ ತನಗೆಂದು ಎತ್ತಿಟ್ಟುಕೊಂಡಿದೆಯಂತೆ.

“ಇದೇನ್ ದೊಡ್ ವಿಷ್ಯಾನಾ? ನಿನ್ ಹೆಸ್ರು ಹಿಡ್ದು ನಾನ್ ಯಾವತ್ತಾದ್ರೂ ಕರ್ದಿದ್ದೀನಾ?” ಎಂದೆ. ಅವಳಿಗಿಟ್ಟದ್ದು ತೀರಿಕೊಂಡ ನನ್ನ ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವುದುಂಟೇ? ತೊಟ್ಟಿಲಲ್ಲಿದ್ದಾಗಿನಿಂದ ನನಗವಳು ಪುಟ್ಟಿ.

ಒಂದು ಸಂಜೆ ಪುಟ್ಟಿ ಈ ಕಾಗದ ಹಿಡಿದು ಅಳುಮೋರೆ ಮಾಡಿಕೊಂಡು ಕೂತಿದ್ದಳು. ಇಷ್ಟು ಮೊಳ ಹೂವಿಗೆ ಎಷ್ಟು ಮೊಗ್ಗು ಬೇಕೆಂದು ಕಂಪ್ಯೂಟರ್ ಹೇಳಬೇಕಿತ್ತು.

“ಇಂಗ್ಲಿಷಕ್ಷರದಾಗೆ ‘ಹೂವು’ ಅಂತ ಹೆಸ್ರಿಟ್ಟಿದ್ದೀನಿ ಕಣಜ್ಜಿ. ಆ ಹೆಸ್ರಿನೋರು ಯಾರೂ ಇಲ್ಲ ಅಂತೈತೆ. ನಾಳೆ ಕಂಪ್ಯೂಟ್ರಾಗೆ ಇದು ಓಡ್ದೇ ಇದ್ರೆ ಸರ್ಟಿಫಿಕೇಟೇ ಇಲ್ಲ.”

“ಎಲ್ಲೈತೆ ತೋರ್ಸು.”

ಇಂಗ್ಲಿಷ್ ಬಾರದ ನಾನು ರಂಗೋಲಿ ನೋಡುವ ಹಾಗೆ ನೋಡಿದೆ.

“ಅಲ್ಲಮ್ಮಿ, ಮೇಲಿನ್ ಹೂವು ಏಣಿ ಹಿಡ್ಕೊಂಡೈತೆ. ಕೆಳಗಿನ್ದು ಕುರ್ಚಿ ಹಿಡ್ಕೊಂಡೈತೆ. ಇಬ್ರೂ ಒಬ್ರೇನಾ?”

ಮೊದಲಕ್ಷರ ಮೇಲೆ ಏಣಿಯಂಥ ದೊಡ್ಡ ‘H’, ಕೆಳಗೆ ಕುರ್ಚಿಯಂಥ ಚಿಕ್ಕ ‘h’! ಆ ಭಾಷೆಗೆ ಅವರಿಬ್ಬರೂ ಬೇರೆ ಬೇರೆ ಜನವಂತೆ. ಪುಟ್ಟಿ ಖುಷಿಗೆ ಹಿಂಡಿದ ನನ್ನ ಕೆನ್ನೆ ಇನ್ನೂ ಉರಿಯುತ್ತಿದೆ ಎಂದರೆ ನಂಬಿ.

ಮಾರನೆಯ ದಿನ ಬಸ್ ಸ್ಟ್ಯಾಂಡಿಗೇ ಹೋಗಿ ಕಾದೆ. ಓಡಿತೋ ಇಲ್ಲವೋ ಎಂದು ಬಂದ ಬಸ್ಸನ್ನೆಲ್ಲ ಇಣುಕಿದೆ. ಬಸ್ಸಿಳಿದ ಜನರ ನಡುವೆ ಅವಳ ಜಡೆ ಕಂಡಿತು. “ಪುಟ್ಟೀ!” ಎಂದೆ. ನಾಲ್ಕು ಹುಡುಗಿಯರು ತಿರುಗಿದರು, ನಮ್ಮವಳೊಬ್ಬಳನ್ನು ಬಿಟ್ಟು. ಇನ್ನು ತಡೆಯಲಾಗಲಿಲ್ಲ.

“ರಂಗಮ್ಮಾ!”

ತಿರುಗಿದಳು, ಕಣ್ಣು ಅಗಲಿಸಿಕೊಂಡು. “ಓಡ್ತು ಅಜ್ಜೀ!”

ಆ ದಿನ ಬಾಯಿಂದ ಜಾರಿದ ಹೆಸರನ್ನು ಮತ್ತೆ ಎತ್ತಿಟ್ಟುಬಿಟ್ಟಿದ್ದೆ. ಇವತ್ತು ಹಪ್ಪಳದ ಹುಡಿ ಕೊಡವಿ ಕಾಗದವನ್ನು ಸೀರೆಯ ಪೆಟ್ಟಿಗೆಗೆ ಹಾಕಿದೆ. ಅಷ್ಟರಲ್ಲಿ ಹೊಸೂರಿನ ಅದೇ ಕ್ಲಾಸಿನಲ್ಲಿ ಪಾಠ ಹೇಳಿ ಬಂದವಳ ಚಪ್ಪಲಿ ಸದ್ದಾಯಿತು.

“ಬಂದ್ಯಾ ರಂಗಮ್ಮಾ?” ಎಂದು ಕೂಗಿದೆ, ಬೀದಿಗೆಲ್ಲ ಕೇಳುವ ಹಾಗೆ.

ಒಳಗಿಂದ ಸೊಸೆ ನಕ್ಕಳು. “ಅತ್ತೇ, ನಿಮ್ಮತ್ತೆ ಎದ್ ಬಂದ್ಬುಟ್ಟಾರು!”

“ಬರ್ಲಿ ಬುಡು. ಇಬ್ರು ರಂಗಮ್ಮನೋರ್ಗೂ ಕಾಫಿ ಕಾಸ್ತೀನಿ.”