ಎಳನೀರು ಕುಡಿಸಲು ಹೇಳಿದ್ದು ಯಾರು

ಆರು ವರ್ಷದ ಹಿಂದೆ ನಾನು ತಿಪಟೂರು ಸೀಮೆಯ ಒಂದು ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸಾ ವಿಭಾಗದ ವೈದ್ಯನಾಗಿದ್ದೆ. ಆಸ್ಪತ್ರೆಯ ಹೆಸರು ಬೇಡ, ತಪ್ಪು ನನ್ನದು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನೇ ಶಿಸ್ತು ಅಂದುಕೊಂಡಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಹಂದನಕೆರೆ ಕಡೆಯ ಈಶ್ವರಯ್ಯನವರನ್ನು ಅವರ ಹೆಂಡತಿ ಗಿರಿಜಮ್ಮ ಕರೆತಂದರು. ಎರಡು ದಿನದಿಂದ ವಾಂತಿ, ಸುಸ್ತು. ಗಿರಿಜಮ್ಮ ಬಟ್ಟೆಯ ಚೀಲ ಮುಂದೆ ಹಿಡಿದು, "ಇದ್ರಾಗೆ ಹಳೇ ರಿಪೋರ್ಟ್ ಅವೆ, ವಸಿ ನೋಡಿ ಸಾ" ಎಂದರು. ಹೊರಗೆ ಉದ್ದನೆಯ ಸಾಲಿತ್ತು. ನಾನು ಚೀಲ ಮುಟ್ಟಲಿಲ್ಲ. ವಾಂತಿಗೆ ಇಂಜೆಕ್ಷನ್ ಕೊಟ್ಟು, "ಏನೂ ಆಗಿಲ್ಲ, ಚೆನ್ನಾಗಿ ಎಳನೀರು ಕುಡಿಸಿ" ಎಂದು ಹೇಳಿ, ಚೀಟಿಯಲ್ಲೂ ಬರೆದುಕೊಟ್ಟೆ. ತೆಂಗಿನ ಸೀಮೆಯಲ್ಲಿ ಸುಸ್ತು ಎಂದವರಿಗೆಲ್ಲ ಹೇಳುತ್ತಿದ್ದ ಮಾತು ಅದು.

ಮರುದಿನ ಮಧ್ಯಾಹ್ನ ಅವರನ್ನು ಹೊತ್ತು ತಂದರು. ನಾಡಿ ನಿಮಿಷಕ್ಕೆ ಮೂವತ್ತೆಂಟು. ಕೈಕಾಲಿನಲ್ಲಿ ಬಲವಿಲ್ಲ. ಇಸಿಜಿಯಲ್ಲಿ ಅಲೆಗಳು ಚೂಪಾಗಿ ಎದ್ದಿದ್ದವು. ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದರ ಗುರುತು ಅದು. ನರ್ಸ್ ಚೀಲದಿಂದ ರಿಪೋರ್ಟ್ ತೆಗೆದು ಓದಿದರು: ಒಂದು ವರ್ಷದಿಂದ ಕಿಡ್ನಿ ತೊಂದರೆ. ಕಿಡ್ನಿ ಸೋತರೆ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗದೆ ರಕ್ತದಲ್ಲೇ ಉಳಿದು ಹೃದಯವನ್ನು ನಿಲ್ಲಿಸಿಬಿಡಬಹುದು. ಎಳನೀರಿನಲ್ಲಿ ಅದು ಧಾರಾಳವಾಗಿದೆ.

"ನಿನ್ನೆಯಿಂದ ಏನು ಕೊಟ್ರಿ?"

"ಎಳ್ನೀರು ಸಾ. ಏಳೆಂಟು ಕುಡಿಸ್ದೆ."

"ಕಿಡ್ನಿ ತೊಂದರೆ ಇರೋರಿಗೆ ಎಳನೀರಾ? ಯಾರ‍್ರೀ ನಿಮಗೆ ಹೇಳಿದ್ದು? ಗಂಡನ್ನ ಕೊಲ್ಲೋಕೆ ಹೊರಟಿದ್ದೀರಾ?"

ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ. ಗಿರಿಜಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ, "ಗೊತ್ತಾಗ್ಲಿಲ್ಲ ಸಾ, ನಂದೇ ತಪ್ಪು. ಇವ್ರನ್ನ ನೋಡಿ" ಎಂದು ಪಕ್ಕಕ್ಕೆ ಸರಿದರು.

ಹೃದಯ ಕಾಯಲು ಕ್ಯಾಲ್ಸಿಯಂ ಗ್ಲುಕೋನೇಟ್, ಪೊಟ್ಯಾಸಿಯಂ ಇಳಿಸಲು ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟೆವು. ಅರ್ಧ ಗಂಟೆಯಲ್ಲಿ ನಾಡಿ ಅರವತ್ತು ದಾಟಿತು. ಡಯಾಲಿಸಿಸ್‌ಗೆಂದು ಆಂಬುಲೆನ್ಸ್ ತುಮಕೂರಿಗೆ ಹೊರಟ ಮೇಲೆ ಕೇಸ್ ಶೀಟ್ ಬರೆಯಲು ಕೂತೆ. ಹಿಂದಿನ ದಿನದ ಚೀಟಿಯನ್ನು ನರ್ಸ್ ಅದಕ್ಕೆ ಪಿನ್ ಮಾಡಿದ್ದರು. ನನ್ನದೇ ಕೈಬರಹ: ಎಳನೀರು. ಇವರಿಗೆ ಹೇಳಿದ್ದು ನನಗೆ ನೆನಪೇ ಇರಲಿಲ್ಲ.

ಎರಡು ವಾರ ಕಳೆದು ದಂಪತಿ ತೋರಿಸಲು ಬಂದರು. ಸುತ್ತ ಜನರಿದ್ದರು. "ಇನ್ಮೇಲಾದ್ರೂ ಹುಷಾರಾಗಿರಿ" ಎಂದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸುವವನ ಹಾಗೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಇನ್ನೊಂದು ತಿಂಗಳು ಹೇಗೋ ತಡೆದುಕೊಂಡಿದ್ದು, ಕೊನೆಗೆ ಅವರ ಮನೆಗೇ ಹೋದೆ. "ಎಳನೀರು ಕುಡಿಸಿ ಅಂದವನು ನಾನೇ ಗಿರಿಜಮ್ಮ" ಎಂದೆ.

"ಗೊತ್ತಿತ್ತು ಬುಡಿ ಸಾ" ಎಂದರು. "ಅವತ್ತೇ ಅಂದಿದ್ರೆ ನಿಮ್ ಕೈ ನಡುಗ್ತಿತ್ತು. ಇವ್ರ ಜೀವ ನಿಮ್ ಕೈಯಾಗೆ ಇತ್ತಲ್ಲ."

ಈಗ ಯಾರೇ ಬರಲಿ, ಅವರು ತಂದ ಚೀಲವನ್ನು ಮೊದಲು ಬಿಡಿಸುತ್ತೇನೆ. ಕೂಗುವುದನ್ನೂ ಬಿಟ್ಟಿದ್ದೇನೆ. ಅಂದು ಆ ವಾರ್ಡಿನಲ್ಲಿ ರೋಗಿಯ ಬಗ್ಗೆ ಮಾತ್ರ ಯೋಚಿಸುತ್ತಿದ್ದವರು ಗಿರಿಜಮ್ಮ, ನಾನಲ್ಲ.