ಪುಡಿ ಅರೆದ ಕೈ

ಒತ್ತಿದರೆ ವಿದ್ಯುತ್ ಹುಟ್ಟಿಸುವ ಪಿಂಗಾಣಿ ಬಿಲ್ಲೆಗಳನ್ನು ಮಾಡುವುದು ನನ್ನ ಸಂಶೋಧನೆ. ಗ್ಯಾಸ್ ಒಲೆಯ ಲೈಟರ್ ಒತ್ತಿದಾಗ ಕಿಡಿ ಹಾರುತ್ತದಲ್ಲ, ಅದರೊಳಗಿರುವುದು ಇದೇ ಜಾತಿಯ ವಸ್ತು. ಅದರಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಸೀಸವಿಲ್ಲದೆ ಅಷ್ಟೇ ಚುರುಕಾದದ್ದನ್ನು ಮಾಡಬೇಕೆಂಬುದು ನನ್ನ ಹಟ. ದೊಡ್ಡಬಳ್ಳಾಪುರದ ಹತ್ತಿರದ ಕಾಲೇಜೊಂದರ ಲ್ಯಾಬಿನಲ್ಲಿ ನನ್ನ ಜೊತೆಗಿದ್ದವರು ಒಬ್ಬರೇ, ತೂಬಗೆರೆ ಕಡೆಯ ವಯಸ್ಸಾದ ಅಟೆಂಡರ್. ನಾನು ಅಣ್ಣ ಎಂದೇ ಕರೆಯುತ್ತಿದ್ದೆ.

ಬಿಲ್ಲೆಗೆ ಬೇಕಾದ ಪುಡಿ ಅರೆಯುವ ಕೆಲಸ ಅವರದು. ಅಗೇಟ್ ಕಲ್ಲಿನ ಕಲ್ಬತ್ತಿನಲ್ಲಿ ಮೂರು ಗಂಟೆ, ಒಂದೇ ಸಮನೆ. ಯಂತ್ರ ತರಿಸೋಣ ಅಂದರೆ ಮುಖ ಊದಿಸಿಕೊಳ್ಳುತ್ತಿದ್ದರು. ಆ ಪುಡಿಯನ್ನು ನಾನು ಒತ್ತಿ ಬಿಲ್ಲೆ ಮಾಡಿ, ಕುಲುಮೆಯಲ್ಲಿ ಸುಟ್ಟು, ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಸಾವಿರಾರು ವೋಲ್ಟ್ ಕೊಡುತ್ತಿದ್ದೆ. ಆ ಪೆಟ್ಟು ತಡೆದುಕೊಂಡ ಬಿಲ್ಲೆಗೆ ಮಾತ್ರ ಜೀವ ಬರುತ್ತದೆ.

ಒಂದು ವರ್ಷ ದಸರೆ ಕಳೆದ ಮೇಲೆ ಯಾವ ಬಿಲ್ಲೆಯೂ ತಡೆದುಕೊಳ್ಳಲಿಲ್ಲ. ಚಟ್ ಎಂದು ಕಿಡಿ, ನಡುವೆ ಸೂಜಿ ಮೊನೆಯಷ್ಟು ತೂತು. ನಾಲ್ಕು ಸಲ ಹೀಗೇ ಆಯಿತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. "ಏನಣ್ಣಾ, ಏನ್ ಅರೀತಿದ್ದೀರಾ ನೀವು? ತರಿತರಿ ಬಿಟ್ಟಿರ್ತೀರಾ. ನಿಮ್ ಕೈಲಿ ಇನ್ನಾಗಲ್ಲ, ಬಿಟ್ಬಿಡಿ" ಅಂದುಬಿಟ್ಟೆ.

ಅವರು ಕಲ್ಬತ್ತನ್ನು ತೊಳೆದು, ಬೋರಲು ಹಾಕಿ ಹೋದರು. ಆ ತಿಂಗಳ ಕೊನೆಗೆ ಕೆಲಸವನ್ನೇ ಬಿಟ್ಟರು. ವಯಸ್ಸಾಯಿತಲ್ಲ ಎಂದು ಎಲ್ಲರೂ ಅಂದರು. ನಾನೂ ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಹಾಳಾದ ಬಿಲ್ಲೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಿದ್ದೆ. ವರದಿ ಬಂತು. ಪುಡಿಯ ಕಾಳುಗಳೆಲ್ಲ ಒಂದೇ ಸಮ, ಅಷ್ಟು ನಯವಾದ ಅರೆತ. ಆದರೆ ತೂತಿನ ಸುತ್ತ ನಾವು ಬೆರೆಸದೇ ಇದ್ದ ಸುಣ್ಣದ ಅಂಶ, ಬೂದಿಯಲ್ಲಿ ಇರುವಂಥದ್ದು.

ಓದುತ್ತಿದ್ದಂತೆ ಆಯುಧಪೂಜೆ ನೆನಪಾಯಿತು. ಪ್ರತಿ ವರ್ಷ ಅಣ್ಣ ಕಲ್ಬತ್ತಿನ ಮರದ ಪೆಟ್ಟಿಗೆಗಷ್ಟೇ ವಿಭೂತಿ ಹಚ್ಚುತ್ತಿದ್ದರು. ಆ ಸಲ ಅವರು ಜ್ವರವೆಂದು ಬಂದಿರಲಿಲ್ಲ, ಪೂಜೆ ಮಾಡಿದವಳು ನಾನು. ಭಕ್ತಿ ಉಕ್ಕಿ ಕಲ್ಬತ್ತಿನ ಒಳಗೇ ಮೂರು ಗೆರೆ ವಿಭೂತಿ ಎಳೆದು, ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಕೈ ತೊಳೆದುಕೊಂಡಿದ್ದೆ. ಈಗ ಭೂತಗನ್ನಡಿ ಹಿಡಿದು ನೋಡಿದರೆ, ತಳದ ಕೂದಲೆಳೆಯಂಥ ಬಿರುಕಿನಲ್ಲಿ ಇನ್ನೂ ಬೂದಿ ಕೂತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿ, "ತಪ್ಪು ನಂದು ಅಣ್ಣ, ನಿಮ್ ಕೈಯದ್ದಲ್ಲ" ಅಂದೆ.

ಅವರು ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. "ಹಂಗಾದ್ರೆ ನಾನ್ ಅರೆದಿದ್ದು ಸರಿಯಾಗೇ ಇತ್ತಾ?"

"ಸರಿಯಾಗಿತ್ತಣ್ಣ. ಅಷ್ಟು ನಯ ಯಂತ್ರದಲ್ಲೂ ಬರಲ್ಲ."

"ಮನೇಲೂ ಹಂಗೇ ಹೇಳ್ಬಿಟ್ಟಿದ್ದೆ ಮೇಡಮ್, ಕೈ ಹೋಯ್ತು ಅಂತ. ಹಸು ಹಾಲು ಕರೆಯಕ್ಕೂ ಬಿಡ್ತಿಲ್ಲ ಇವ್ಳು, ಚೆಲ್ತೀಯಾ ಅಂತಾಳೆ."

ಅವರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು.

"ಈಗ ನಂಗೆ ಹೇಳಿದ್ರಲ್ಲ ಮೇಡಮ್," ಎಂದರು ಅಣ್ಣ, "ಅದನ್ನ ಇವ್ಳಿಗೂ ಒಂದ್ಸಲ ಹೇಳ್ಬಿಡಿ."